ಕಂಪ್ಯೂಟರ್ ಬಾಗಿಲಲ್ಲೇ ನಿಂತರೆ ಏನು ಮಾಡಬೇಕು?

 

ಈ ಸಲದ ಗೋಡೆಪತ್ರಿಕೆಗೆ ಕಂಪ್ಯೂಟರ್ ಬಗ್ಗೆ ಒಂದು ಪಾಠ ಬರೆದಿದ್ದೇನೆ. ಕಂಪ್ಯೂಟರಿನ ಭಾಗಗಳು ಯಾವುವು ಎಂದು ಕೇಳಿದರೆ ನಾವೆಲ್ಲ ಬಾಯಿಪಾಠ ಹೇಳುತ್ತೇವೆ. ಆದರೆ ಅದು ಹೆಸರು, ಪಾಸ್‌ವರ್ಡ್ ಕೇಳುವ ಪರದೆಗೆ ಬಂದು ಅಲ್ಲೇ ನಿಂತುಬಿಟ್ಟರೆ ಏನು ಮಾಡಬೇಕು? ಆಗ ಎಲ್ಲರೂ ಒಂದೇ ಮಾತು ಹೇಳುತ್ತಾರೆ: “ಕೆಟ್ಟೈತಿ, ಮುಟ್ಟಬ್ಯಾಡ್ರಿ.” ಇಲ್ಲಾ ಅಂದ್ರೆ ವೈರ್ ಕಿತ್ತು ಮತ್ತೆ ಚುಚ್ಚುತ್ತಾರೆ. ಎರಡೂ ಸರಿಯಲ್ಲ. ಹಾಗೆ ನಿಂತ ಕಂಪ್ಯೂಟರ್ ಬಹಳ ಸಲ ಕೆಟ್ಟಿರುವುದಿಲ್ಲ. ಒಳಗಿನ ನಮ್ಮ ಬರಹವೂ ಹೋಗಿರುವುದಿಲ್ಲ. ಇದೇ ಈ ಪಾಠದ ಮುಖ್ಯ ಮಾತು.

ನಮ್ಮ ಸರ್ ಮಾಡಿ ತೋರಿಸಿದ್ದನ್ನು ಕೇಳಿ, ನೋಡಿ, ಬರೆದುಕೊಂಡು ಇದನ್ನು ತಯಾರಿಸಿದ್ದೇನೆ. ನಮ್ಮ ಕಂಪ್ಯೂಟರಿನಲ್ಲಿ ಇರುವುದು ಉಬುಂಟು. ಆದ್ದರಿಂದ ಹೆಚ್ಚಿನದು ಅದರ ಬಗ್ಗೆಯೇ ಇದೆ. ವಿಂಡೋಸ್ ಬಗ್ಗೆ ಕೊನೆಗೆ ಸ್ವಲ್ಪ ಬರೆದಿದ್ದೇನೆ.

೧. ಲಾಗಿನ್ ಅಂದರೇನು?

ಒಂದು ಮನೆಯಲ್ಲಿ ನಾಲ್ಕು ಜನ ಅಣ್ಣತಮ್ಮಂದಿರು ಇದ್ದರೆ ತಲಬಾಗಿಲು ಒಂದೇ ಇರುತ್ತದೆ. ಒಳಗೆ ಒಬ್ಬೊಬ್ಬರಿಗೆ ಒಂದೊಂದು ಖೋಲಿ. ಕಂಪ್ಯೂಟರಿನಲ್ಲೂ ಹಾಗೆಯೇ. ಯಂತ್ರ ಒಂದು, ಬಳಸುವವರು ಹಲವರು. ಬಾಗಿಲಲ್ಲಿ ಅದು ಎರಡು ಪ್ರಶ್ನೆ ಕೇಳುತ್ತದೆ. “ನೀನು ಯಾರು?” ಇದಕ್ಕೆ ಉತ್ತರ ಬಳಕೆದಾರರ ಹೆಸರು. “ನೀನೇ ಅಂತ ಹೆಂಗ ನಂಬಲಿ?” ಇದಕ್ಕೆ ಉತ್ತರ ಪಾಸ್‌ವರ್ಡ್. ಎರಡೂ ಕೂಡಿದರೆ ಲಾಗಿನ್.

ಈ ಪದ್ಧತಿ ಶುರುವಾದದ್ದು ಅಮೇರಿಕದ ಎಂ.ಐ.ಟಿ. ಎಂಬ ವಿದ್ಯಾಸಂಸ್ಥೆಯಲ್ಲಿ. ಆಗ ಕಂಪ್ಯೂಟರ್ ಬಹಳ ದುಬಾರಿ, ಒಂದನ್ನೇ ಹಲವರು ಹಂಚಿಕೊಳ್ಳಬೇಕಾಗಿತ್ತು. ಫರ್ನಾಂಡೊ ಕೊರ್ಬಾಟೊ ಎಂಬ ವಿಜ್ಞಾನಿ ಮತ್ತು ಅವರ ಜೊತೆಯವರು 1961ರಲ್ಲಿ ಸಿ.ಟಿ.ಎಸ್.ಎಸ್. ಎಂಬ ವ್ಯವಸ್ಥೆಯನ್ನು ಮಾಡಿ ತೋರಿಸಿದರು. ಒಬ್ಬರ ಕಡತವನ್ನು ಇನ್ನೊಬ್ಬರು ನೋಡಬಾರದೆಂದು ಅದಕ್ಕೆ ಪಾಸ್‌ವರ್ಡ್ ಇಟ್ಟರು. ಮುಂದೆ ಕೆಲವು ವರ್ಷಗಳಲ್ಲಿ ಅಲ್ಲೇ ಒಂದು ತಮಾಷೆ ಆಯಿತು. ಎರಡು ಕಡತಗಳು ಅದಲುಬದಲಾಗಿ, ಲಾಗಿನ್ ಆದವರಿಗೆಲ್ಲ ಆ ದಿನದ ಸೂಚನೆಯ ಬದಲು ಎಲ್ಲರ ಪಾಸ್‌ವರ್ಡ್ ಪಟ್ಟಿಯೇ ಕಾಣಿಸಿತು! ಅಂದರೆ ಬಾಗಿಲಿನ ತೊಂದರೆ ನಮ್ಮ ಶಾಲೆಗೆ ಅಷ್ಟೇ ಬಂದದ್ದಲ್ಲ. ಬಾಗಿಲು ಹುಟ್ಟಿದಾಗಲೇ ಹುಟ್ಟಿದೆ.

೨. ಬಾಗಿಲವರೆಗೆ ಬರುವ ದಾರಿ

ಗುಂಡಿ ಒತ್ತಿದ ಮೇಲೆ ಕಂಪ್ಯೂಟರ್ ಈ ಕೆಲಸಗಳನ್ನು ಸಾಲಾಗಿ ಮಾಡುತ್ತದೆ.

(ಅ) ಡಬ್ಬಿಯ ಹಿಂದಿನ ಎಸ್.ಎಂ.ಪಿ.ಎಸ್. ಎಂಬ ಭಾಗವು 230 ವೋಲ್ಟಿನ ಕರೆಂಟನ್ನು 12, 5 ಮತ್ತು 3.3 ವೋಲ್ಟಿಗೆ ಇಳಿಸಿ ಕೊಡುತ್ತದೆ.
(ಆ) ಬಯಾಸ್ ಎಂಬ ಚಿಕ್ಕ ಕಾರ್ಯಕ್ರಮ ಎದ್ದು “ಮೆಮೊರಿ ಐತೋ? ಕೀಬೋರ್ಡ್ ಐತೋ? ಡಿಸ್ಕ್ ಐತೋ?” ಎಂದು ಹಾಜರಿ ತೆಗೆದುಕೊಳ್ಳುತ್ತದೆ.
(ಇ) ಡಿಸ್ಕಿನಿಂದ ಗ್ರಬ್ ಎಂಬ ಕಾರ್ಯಕ್ರಮ ಏಳುತ್ತದೆ. ಅದು ಲಿನಕ್ಸನ್ನು ಎಬ್ಬಿಸುತ್ತದೆ. ಲಿನಕ್ಸ್ ಅಂದರೆ ಫಿನ್ಲೆಂಡಿನ ಲಿನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ 1991ರಲ್ಲಿ ಬರೆಯಲು ಶುರು ಮಾಡಿದ ತಿರುಳು. ಉಬುಂಟುವಿನ ಒಳಗೆ ಇರುವುದು ಅದೇ.
(ಈ) ಲಿನಕ್ಸ್ ಎಲ್ಲ ಭಾಗಗಳನ್ನು ಕೆಲಸಕ್ಕೆ ಹಚ್ಚುತ್ತದೆ.
(ಉ) ಕೊನೆಗೆ ಹೆಸರು ಕೇಳುವ ಪರದೆ ಬರುತ್ತದೆ.

ಈಗ ನೀವೇ ಯೋಚಿಸಿರಿ. ಕಂಪ್ಯೂಟರ್ (ಉ) ವರೆಗೆ ಬಂದಿದೆ ಅಂದರೆ ಕರೆಂಟ್ ಬಂದಿದೆ, ಮಾನಿಟರ್ ಬೆಳಗಿದೆ, ಮೆಮೊರಿ ಕೆಲಸ ಮಾಡಿದೆ, ಡಿಸ್ಕ್ ಓದಿಸಿಕೊಂಡಿದೆ. ಲಕ್ಷ್ಮೇಶ್ವರದಿಂದ ಹೊರಟ ಬಸ್ಸು ನಮ್ಮ ಊರ ಅಗಸಿಯ ಹತ್ತಿರ ಬಂದು ನಿಂತಿದೆ ಅನ್ನಿರಿ. ಇಂಜಿನ್ನೇ ಹೋಗಿದ್ದರೆ ಇಲ್ಲಿತನಕ ಬರುತ್ತಿರಲಿಲ್ಲ. ಆದ್ದರಿಂದ ಮೊದಲು ನೋಡಬೇಕಾದ್ದು ಬಾಗಿಲಿನ ಹತ್ತಿರದ ಚಿಕ್ಕ ಕಾರಣಗಳನ್ನು.

೩. ಯಾವ ತರ ನಿಂತಿದೆ? ಮೊದಲು ಗುರುತು ಹಿಡಿಯಿರಿ

ಡಾಕ್ಟರು ಸೂಜಿ ಮಾಡುವ ಮೊದಲು “ಎಲ್ಲಿ ನೋವು?” ಎಂದು ಕೇಳುತ್ತಾರೆ. ನಾವೂ ಹಾಗೆಯೇ ನೋಡಬೇಕು. ನಿಲ್ಲುವುದರಲ್ಲಿ ಮೂರು ತರ ಇವೆ.

ಮೊದಲನೆಯದು: “ಪಾಸ್‌ವರ್ಡ್ ತಪ್ಪು, ಮತ್ತೆ ಪ್ರಯತ್ನಿಸಿ” ಎಂಬ ಅರ್ಥದ ಸಾಲು ಬರುತ್ತದೆ.
ಎರಡನೆಯದು: ತಪ್ಪು ಅಂತ ಹೇಳುವುದಿಲ್ಲ. ಪರದೆ ಒಂದು ಕ್ಷಣ ಕಪ್ಪಾಗಿ ತಿರುಗಿ ಅದೇ ಹೆಸರು ಕೇಳುವ ಪರದೆ ಬರುತ್ತದೆ. ಎಷ್ಟು ಸಲ ಮಾಡಿದರೂ ಗಾಣದ ಎತ್ತಿನ ಹಾಗೆ ಅಲ್ಲಿಗೇ ಬರುತ್ತದೆ.
ಮೂರನೆಯದು: ಏನೂ ಆಗುವುದಿಲ್ಲ. ಮೌಸಿನ ಬಾಣ ಸಹ ಅಲುಗಾಡುವುದಿಲ್ಲ.

ಮೂರಕ್ಕೂ ಔಷಧ ಬೇರೆ ಬೇರೆ. ಪರದೆಯ ಮೇಲೆ ಏನು ಬರೆದು ಬಂತು ಎಂಬುದನ್ನು ನೋಟ್‌ಬುಕ್ಕಿನಲ್ಲಿ ಇದ್ದ ಹಾಗೆ ಬರೆದುಕೊಳ್ಳಿರಿ. “ಏನೋ ಇಂಗ್ಲಿಷ್ ಬಂತು ಸರ್” ಅಂದರೆ ಯಾರಿಗೂ ಉಪಯೋಗವಿಲ್ಲ.

೪. “ತಪ್ಪು” ಎಂದು ಬಂದರೆ

ಪಾಸ್‌ವರ್ಡ್ ಸರಿಯಾಗಿಯೇ ಒತ್ತಿರುತ್ತೇವೆ, ಆದರೂ ತಪ್ಪು ಅನ್ನುತ್ತದೆ. ಯಾಕಂದ್ರೆ ನಮ್ಮ ಬೆರಳು ಒತ್ತಿದ್ದು ಒಂದು, ಕಂಪ್ಯೂಟರಿಗೆ ಮುಟ್ಟಿದ್ದು ಇನ್ನೊಂದು. ಪರದೆಯಲ್ಲಿ ಚುಕ್ಕೆ ಮಾತ್ರ ಕಾಣುವುದರಿಂದ ನಮಗೆ ಗೊತ್ತಾಗುವುದಿಲ್ಲ. ಇವನ್ನು ಒಂದೊಂದಾಗಿ ನೋಡಿರಿ.

* ಕ್ಯಾಪ್ಸ್ ಲಾಕ್: ಅದರ ದೀಪ ಹತ್ತಿದ್ದರೆ ಎಲ್ಲವೂ ದೊಡ್ಡಕ್ಷರ ಆಗುತ್ತವೆ. ಕಂಪ್ಯೂಟರಿಗೆ ಸಣ್ಣಕ್ಷರ ಬೇರೆ, ದೊಡ್ಡಕ್ಷರ ಬೇರೆ.

* ನಂ ಲಾಕ್: ಪಾಸ್‌ವರ್ಡಿನಲ್ಲಿ ಅಂಕಿ ಇದ್ದು, ಬಲಗಡೆಯ ಅಂಕಿ ಮಣೆಯಿಂದ ಒತ್ತುತ್ತಿದ್ದರೆ ಈ ದೀಪ ಹತ್ತಿರಬೇಕು. ಇಲ್ಲದಿದ್ದರೆ ಆ ಕೀಲಿಗಳು ಅಂಕಿ ಬರೆಯುವುದಿಲ್ಲ. ಮೇಲಿನ ಸಾಲಿನ ಅಂಕಿ ಒತ್ತಿದರೆ ಈ ತೊಂದರೆಯೇ ಇಲ್ಲ.

* ಕನ್ನಡ ಕೀಲಿಮಣೆ: ಇದು ನಮ್ಮಂಥ ಕನ್ನಡ ಶಾಲೆಗಳಿಗೆ ವಿಶೇಷ. ಕನ್ನಡದಲ್ಲಿ ಟೈಪ್ ಮಾಡಲು ನಾವು ಮಣೆಯನ್ನು ಕನ್ನಡಕ್ಕೆ ತಿರುಗಿಸಿರುತ್ತೇವೆ. ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸದಲ್ಲಿ ಇಂಗ್ಲಿಷಿನ ‘ಕೆ’ ಕೀಲಿ ಒತ್ತಿದರೆ ‘ಕ’ ಬರುತ್ತದೆ. ನಾವು ಒತ್ತುವ ಕೀಲಿ ಅದೇ, ಆದರೆ ಒಳಗೆ ಹೋಗುವ ಅಕ್ಷರ ಬೇರೆ! ಲಾಗಿನ್ ಪರದೆಯ ಮೇಲ್ಗಡೆಯ ಮೂಲೆಯಲ್ಲಿ ಭಾಷೆಯ ಗುರುತು ಕಾಣುತ್ತದೆ. ಅದನ್ನು ಒತ್ತಿ ಇಂಗ್ಲಿಷಿಗೆ ತಿರುಗಿಸಿ ಮತ್ತೆ ಪಾಸ್‌ವರ್ಡ್ ಬರೆಯಿರಿ.

* ಸಿಕ್ಕಿಕೊಂಡ ಕೀಲಿ: ಧೂಳು, ಸೀಮೆಸುಣ್ಣದ ಪುಡಿ ಕೂತು ಯಾವುದೋ ಒಂದು ಕೀಲಿ ಒಳಗೇ ಹೋಗಿ ನಿಂತಿರುತ್ತದೆ. ಮುಟ್ಟದಿದ್ದರೂ ಚುಕ್ಕೆಗಳು ತಾವೇ ಬರುತ್ತಿದ್ದರೆ ಇದೇ ಕಾರಣ. ಬೇರೆ ಕೀಬೋರ್ಡ್ ಹಚ್ಚಿ ನೋಡಿರಿ.

ಇವನ್ನೆಲ್ಲ ಪರೀಕ್ಷಿಸಲು ಒಂದು ಉಪಾಯವಿದೆ. ಉಬುಂಟು ಲಾಗಿನ್ ಪರದೆಯಲ್ಲಿ “ಪಟ್ಟಿಯಲ್ಲಿಲ್ಲವೇ?” ಎಂಬ ಸಾಲನ್ನು ಒತ್ತಿದರೆ ಹೆಸರು ಬರೆಯುವ ಜಾಗ ಬರುತ್ತದೆ. ಅಲ್ಲಿ ಬರೆದದ್ದು ಚುಕ್ಕೆಯಾಗದೆ ಅಕ್ಷರವಾಗಿಯೇ ಕಾಣುತ್ತದೆ. ನಾಲ್ಕು ಕೀಲಿ ಒತ್ತಿ ನೋಡಿದರೆ ದೊಡ್ಡಕ್ಷರವೋ, ಸಣ್ಣಕ್ಷರವೋ, ಕನ್ನಡವೋ ತಿಳಿದುಬಿಡುತ್ತದೆ. ಪೂರ್ತಿ ಪಾಸ್‌ವರ್ಡನ್ನು ಮಾತ್ರ ಅಲ್ಲಿ ಬರೆಯಬೇಡಿರಿ. ಹಿಂದೆ ನಿಂತವರು ಓದುತ್ತಾರೆ!

೫. ಮರೆತೇ ಹೋದರೆ, ಹಳೆಯದು ಹೊರಗೆ ಬರುತ್ತದೆಯೇ?

“ಸರ್, ನನ್ನ ಪಾಸ್‌ವರ್ಡ್ ಏನು ಅಂತ ನೋಡಿ ಹೇಳ್ರಿ” ಎಂದು ಕೆಲವರು ಕೇಳುತ್ತಾರೆ. ಸರ್‌ಗೂ ಅದು ಕಾಣುವುದಿಲ್ಲ. ಕಂಪ್ಯೂಟರ್ ನಮ್ಮ ಪಾಸ್‌ವರ್ಡನ್ನು ಇದ್ದಂತೆ ಇಟ್ಟುಕೊಳ್ಳುವುದಿಲ್ಲ. ಒಂದು ಗಣಿತದ ಗಾಣದಲ್ಲಿ ಹಾಕಿ ಅರೆದು, ಬಂದದ್ದನ್ನು ಮಾತ್ರ ಇಡುತ್ತದೆ. ಶೇಂಗಾ ಗಾಣಕ್ಕೆ ಹಾಕಿದರೆ ಎಣ್ಣೆ ಬರುತ್ತದೆ. ಎಣ್ಣೆಯನ್ನು ತಿರುಗಿ ಶೇಂಗಾ ಮಾಡಲು ಯಾರಿಗೆ ಸಾಧ್ಯ? ಮರುದಿನ ನಾವು ಪಾಸ್‌ವರ್ಡ್ ಬರೆದಾಗ ಅದನ್ನೂ ಅದೇ ಗಾಣಕ್ಕೆ ಹಾಕಿ, ನಿನ್ನೆಯದಕ್ಕೂ ಇಂದಿನದಕ್ಕೂ ತಾಳೆ ನೋಡುತ್ತದೆ. ಒಂದೇ ಆದರೆ ಬಾಗಿಲು ತೆರೆಯುತ್ತದೆ.

ಆದ್ದರಿಂದ ಮರೆತರೆ ಹಳೆಯದನ್ನು ಹುಡುಕುವುದಲ್ಲ, ಹೊಸದನ್ನು ಇಡುವುದು. ಅದನ್ನು ಯಂತ್ರದ ಮುಖ್ಯ ಅಧಿಕಾರ ಇರುವವರು, ಅಂದರೆ ನಮ್ಮಲ್ಲಿ ಗುರುಗಳು, ಮಾಡಬೇಕು. ಹೊಸ ಪಾಸ್‌ವರ್ಡಿಗೆ ಊರ ಹೆಸರು, ನಮ್ಮ ಹೆಸರು, ಹುಟ್ಟಿದ ವರ್ಷ ಇಡಬಾರದು. ಲಕ್ಷ್ಮೇಶ್ವರಕ್ಕೆ ಪುಲಿಗೆರೆ ಎಂಬ ಹಳೆಯ ಹೆಸರಿದೆ ಎಂದು ನಮಗೆಲ್ಲ ಗೊತ್ತು. ಹಾಗಾಗಿ ಅದೂ ಬೇಡ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದ ಕೂಡಿಸಿದರೆ ನೆನಪಿಡಲು ಸುಲಭ, ಊಹಿಸಲು ಕಷ್ಟ.

೬. ಗಾಣದ ಎತ್ತಿನಂತೆ ತಿರುಗಿ ಅಲ್ಲಿಗೇ ಬಂದರೆ

ಇದೇ ಎಲ್ಲಕ್ಕಿಂತ ಹೆಚ್ಚು ಹೆದರಿಸುವ ತೊಂದರೆ. ತಪ್ಪು ಎಂದು ಹೇಳುವುದಿಲ್ಲ, ಅಂದರೆ ಪಾಸ್‌ವರ್ಡನ್ನು ಒಪ್ಪಿಕೊಂಡಿದೆ. ಆದರೆ ಒಳಗೆ ಕಾಲಿಡಲು ಆಗದೆ ಹೊರಗೆ ಬಂದಿದೆ. ಯಾಕೆ?

ಮೊದಲ ಪರೀಕ್ಷೆ: ಬೇರೆ ಖಾತೆ ಇದ್ದರೆ ಅದರಿಂದ ಒಳಗೆ ಹೋಗಿ ನೋಡಿರಿ. ಅದು ತೆರೆದರೆ ತೊಂದರೆ ಇರುವುದು ನಿಮ್ಮ ಖೋಲಿಯಲ್ಲಿ ಮಾತ್ರ. ಯಾರ ಖಾತೆಯೂ ತೆರೆಯದಿದ್ದರೆ ತೊಂದರೆ ಇಡೀ ಮನೆಗೆ ಇದೆ. ಈ ಒಂದು ಪರೀಕ್ಷೆಯಿಂದ ಅರ್ಧ ಹುಡುಕಾಟ ಮುಗಿಯುತ್ತದೆ.

ಕಾರಣ ಒಂದು: ಡಿಸ್ಕ್ ತುಂಬಿರುವುದು. ಸುಗ್ಗಿಯಲ್ಲಿ ಶೇಂಗಾ ಚೀಲಗಳನ್ನು ಪಡಸಾಲಿಯ ತುಂಬ ಒಟ್ಟಿದರೆ ತಲಬಾಗಿಲು ಒಳಕ್ಕೆ ತೆರೆಯುವುದಿಲ್ಲ. ಕೀಲಿಕೈ ಸರಿಯೇ ಇರುತ್ತದೆ, ಕೀಲಿಯೂ ತೆರೆಯುತ್ತದೆ, ಆದರೆ ಬಾಗಿಲು ತಳ್ಳಲು ಜಾಗ ಇಲ್ಲ. ಕಂಪ್ಯೂಟರ್ ಸಹ ನಾವು ಒಳಗೆ ಹೋಗುವಾಗ ಡಿಸ್ಕಿನಲ್ಲಿ ಕೆಲವು ಸಣ್ಣ ಕಡತಗಳನ್ನು ಬರೆಯಬೇಕು. ಬರೆಯಲು ಜಾಗ ಇಲ್ಲದಿದ್ದರೆ ಹಿಂದಕ್ಕೆ ಬರುತ್ತದೆ. ವಿಡಿಯೋಗಳು, ಎರಡೆರಡು ಸಲ ಇಳಿಸಿಕೊಂಡ ಪಾಠಗಳು, ಖಾಲಿ ಮಾಡದ ಕಸದ ಬುಟ್ಟಿ, ಇವೇ ಆ ಚೀಲಗಳು.

ಚಿತ್ರದ ಬಾಗಿಲು ತೆರೆಯದಿದ್ದರೂ ಅಕ್ಷರದ ಹಿತ್ತಲ ಬಾಗಿಲು ಒಂದಿದೆ. ಕಂಟ್ರೋಲ್ ಮತ್ತು ಆಲ್ಟ್ ಕೀಲಿಗಳನ್ನು ಹಿಡಿದು ಎಫ್3 ಒತ್ತಿರಿ. ಕಪ್ಪು ಪರದೆ ಬಂದು ಹೆಸರು ಕೇಳುತ್ತದೆ. ಹೆಸರು ಬರೆದು ಎಂಟರ್ ಒತ್ತಿರಿ, ಪಾಸ್‌ವರ್ಡ್ ಬರೆದು ಎಂಟರ್ ಒತ್ತಿರಿ. ಪಾಸ್‌ವರ್ಡ್ ಬರೆಯುವಾಗ ಇಲ್ಲಿ ಚುಕ್ಕೆ ಸಹ ಕಾಣುವುದಿಲ್ಲ. “ಕೀಬೋರ್ಡ್ ಸತ್ತೈತಿ” ಅಂದುಕೊಳ್ಳಬೇಡಿರಿ, ಅದರ ಪದ್ಧತಿಯೇ ಹಾಗೆ.

ಒಳಗೆ ಹೋದ ಮೇಲೆ ಡಿ ಎಫ್ ಎಂದು ಸಣ್ಣ ಅಕ್ಷರದಲ್ಲಿ ಬರೆದು, ಒಂದು ಜಾಗ ಬಿಟ್ಟು, ಸಣ್ಣ ಅಡ್ಡಗೆರೆ ಎಳೆದು ಅದಕ್ಕೆ ಹತ್ತಿ ಎಚ್ ಬರೆದು ಎಂಟರ್ ಒತ್ತಿರಿ. ಡಿ ಎಫ್ ಅಂದರೆ ಡಿಸ್ಕಿನಲ್ಲಿ ಎಷ್ಟು ಖಾಲಿ ಇದೆ ಎಂದು ಕೇಳುವ ಆಜ್ಞೆ. ಒಂದು ಕೋಷ್ಟಕ ಬರುತ್ತದೆ. ಅದರ ಕೊನೆಯ ಕಂಬದಲ್ಲಿ ಒಂದೇ ಓರೆಗೆರೆ ಇರುವ ಸಾಲನ್ನು ಹುಡುಕಿರಿ. ಆ ಸಾಲಿನಲ್ಲಿ ಶೇಕಡಾ 100 ಎಂದು ಇದ್ದರೆ ಕಳ್ಳ ಸಿಕ್ಕ ಹಾಗೆ. ಕೆಲವು ಸಾಲುಗಳಲ್ಲಿ ಲೂಪ್ ಎಂಬ ಹೆಸರಿನ ಮುಂದೆ ಯಾವಾಗಲೂ 100 ಇರುತ್ತದೆ. ಅದಕ್ಕೆ ಹೆದರಬೇಕಾಗಿಲ್ಲ.

ಇಲ್ಲಿ ಒಂದು ಬೆರಗಿನ ಸಂಗತಿ ಇದೆ. ನಮಗೆ ಡಿಸ್ಕ್ ಪೂರ್ತಿ ತುಂಬಿದೆ ಎಂದು ತೋರಿಸಿದಾಗಲೂ ಉಬುಂಟು ಸಾಮಾನ್ಯವಾಗಿ ನೂರಕ್ಕೆ 5 ಭಾಗವನ್ನು ಮುಖ್ಯ ಅಧಿಕಾರಿಗೆಂದು ಮೀಸಲು ಇಟ್ಟಿರುತ್ತದೆ. ಎಷ್ಟೇ ಬರಗಾಲ ಬಂದರೂ ರೈತರು ಬೀಜದ ಕಾಳನ್ನು ತಿನ್ನುವುದಿಲ್ಲ, ನೋಡಿರಿ, ಹಾಗೆಯೇ ಇದು. ಆ ಬೀಜದ ಜಾಗ ಇರುವುದರಿಂದಲೇ ಯಂತ್ರ ಏಳುತ್ತದೆ, ಗುರುಗಳು ಸ್ವಚ್ಛ ಮಾಡಲು ಆಗುತ್ತದೆ.

ಸ್ವಚ್ಛ ಮಾಡುವುದು ಹೇಗೆ? ಸುಡೋ, ಆಪ್ಟ್, ಕ್ಲೀನ್ ಎಂಬ ಮೂರು ಪದದ ಆಜ್ಞೆ ಇದೆ. ಉಬುಂಟು ತನಗಾಗಿ ಇಳಿಸಿಕೊಂಡು ಬಳಸಿ ಮುಗಿಸಿದ ಪೊಟ್ಟಣಗಳನ್ನು ಅದು ತೆಗೆಯುತ್ತದೆ. ನಮ್ಮ ಬರಹವನ್ನು ಮುಟ್ಟುವುದಿಲ್ಲ. ಅದರಿಂದ ಸ್ವಲ್ಪ ಜಾಗ ಆದರೆ ಚಿತ್ರದ ಬಾಗಿಲು ತೆರೆಯುತ್ತದೆ. ಆಮೇಲೆ ಒಳಗೆ ಹೋಗಿ ಬೇಡವಾದ ವಿಡಿಯೋಗಳನ್ನು ಕಣ್ಣಾರೆ ನೋಡಿ ತೆಗೆಯಬಹುದು. ಅಳಿಸುವ ಆಜ್ಞೆಯನ್ನು ನಾನು ಇಲ್ಲಿ ಬರೆದಿಲ್ಲ. ಕಪ್ಪು ಪರದೆಯಲ್ಲಿ ಅಳಿಸಿದ್ದು ಕಸದ ಬುಟ್ಟಿಗೂ ಹೋಗುವುದಿಲ್ಲ, ನೇರವಾಗಿ ಹೋಗಿಬಿಡುತ್ತದೆ. ಸುಡೋ ಇರುವ ಆಜ್ಞೆಗಳನ್ನು ಗುರುಗಳೇ ಕೊಡಬೇಕು.

ಕಾರಣ ಎರಡು: ಬಾಗಿಲ ಚೀಟಿ ಬೇರೆಯವರ ಹೆಸರಿನಲ್ಲಿ ಇರುವುದು. ಹಳೆಯ ಉಬುಂಟುಗಳಲ್ಲಿ ಪ್ರತಿಯೊಬ್ಬರ ಖೋಲಿಯಲ್ಲೂ ಎಕ್ಸ್ ಅಥಾರಿಟಿ ಎಂಬ ಒಂದು ಅಡಗಿದ ಕಡತ ಇರುತ್ತದೆ. ಅದರ ಹೆಸರಿನ ಮುಂದೆ ಒಂದು ಚುಕ್ಕೆ ಇದೆ. ಪರದೆಯನ್ನು ಬಳಸಲು ಅದೇ ಪರವಾನಗಿ ಚೀಟಿ. ಯಾರಾದರೂ ಚಿತ್ರದ ಕಾರ್ಯಕ್ರಮವನ್ನು ಸುಡೋ ಹಾಕಿ ನಡೆಸಿದರೆ ಆ ಚೀಟಿಯ ಮಾಲೀಕ ರೂಟ್, ಅಂದರೆ ಮುಖ್ಯ ಅಧಿಕಾರಿ, ಆಗಿಬಿಡಬಹುದು. ಆಮೇಲೆ ನಮ್ಮ ಖೋಲಿಯ ಚೀಟಿಯನ್ನೇ ನಾವು ಓದಲು ಬರುವುದಿಲ್ಲ. ಕಪ್ಪು ಪರದೆಯಲ್ಲಿ ಎಲ್ ಎಸ್, ಒಂದು ಜಾಗ, ಅಡ್ಡಗೆರೆ, ಎಲ್ ಎ ಎಂದು ಬರೆದರೆ ಕಡತಗಳೂ ಅವುಗಳ ಮಾಲೀಕರೂ ಕಾಣುತ್ತಾರೆ. ಆ ಕಡತದ ಮುಂದೆ ನಿಮ್ಮ ಹೆಸರಿನ ಬದಲು ರೂಟ್ ಎಂದಿದ್ದರೆ, ಎಂ ವಿ ಎಂಬ ಆಜ್ಞೆಯಿಂದ ಅದಕ್ಕೆ ಬೇರೆ ಹೆಸರು ಕೊಡಬೇಕು. ಮುಂದಿನ ಲಾಗಿನ್ನಿನಲ್ಲಿ ಕಂಪ್ಯೂಟರ್ ಹೊಸ ಚೀಟಿ ತಾನೇ ಬರೆದುಕೊಳ್ಳುತ್ತದೆ. ಅಳಿಸುವುದಕ್ಕಿಂತ ಹೆಸರು ಬದಲಿಸುವುದು ಒಳ್ಳೆಯದು, ಯಾಕಂದ್ರೆ ಬೇಕಾದರೆ ಹಳೆಯದು ಅಲ್ಲೇ ಇರುತ್ತದೆ.

ನಿಮ್ಮ ಉಬುಂಟು ಹಳೆಯದೋ ಹೊಸದೋ ತಿಳಿಯುವುದು ಸುಲಭ. 16.04 ಎಂದರೆ 2016ನೇ ಇಸವಿಯ 4ನೇ ತಿಂಗಳಲ್ಲಿ ಬಂದದ್ದು, 22.04 ಎಂದರೆ 2022ರ 4ನೇ ತಿಂಗಳು. 16.04ರಲ್ಲಿ ಕಪ್ಪು ಪರದೆಯಿಂದ ಹಿಂದಕ್ಕೆ ಬರಲು ಕಂಟ್ರೋಲ್, ಆಲ್ಟ್ ಹಿಡಿದು ಎಫ್7 ಒತ್ತಬೇಕು. 22.04ರಲ್ಲಿ ಎಫ್1 ಒತ್ತಬೇಕು. ಒಳಗೆ ಹೋಗುವ ಎಫ್3 ಎರಡರಲ್ಲೂ ಒಂದೇ.

ಕಾರಣ ಮೂರು: ಪರದೆಯ ವಿಧಾನ ಹೊಂದದಿರುವುದು. ಹೊಸ ಉಬುಂಟುವಿನಲ್ಲಿ ಹೆಸರು ಒತ್ತಿದ ಮೇಲೆ ಕೆಳಗಿನ ಮೂಲೆಯಲ್ಲಿ ಹಲ್ಲಿನ ಚಕ್ರದ ಗುರುತು ಬರುತ್ತದೆ. ಅದರಲ್ಲಿ ಬೇರೆ ವಿಧಾನ ಇದ್ದರೆ ಆರಿಸಿ ಲಾಗಿನ್ ಆಗಿ ನೋಡಿರಿ. ಹಳೆಯ ಯಂತ್ರಗಳಲ್ಲಿ ಕೆಲವು ಸಲ ಇಷ್ಟಕ್ಕೇ ಸರಿಹೋಗುತ್ತದೆ.

೭. ಅಲುಗಾಡದೆ ನಿಂತರೆ

ಮೊದಲು ಐದು ನಿಮಿಷ ಸುಮ್ಮನೆ ಕುಳಿತುಕೊಳ್ಳಿರಿ. ಡಬ್ಬಿಯ ಮೇಲಿನ ಡಿಸ್ಕಿನ ದೀಪ ಮಿಣಿಮಿಣಿ ಅನ್ನುತ್ತಿದ್ದರೆ ಅದು ಕೆಲಸ ಮಾಡುತ್ತಿದೆ ಎಂದರ್ಥ. ಕರೆಂಟ್ ಹೋಗಿ ಬಂದ ದಿನ ಇದು ಹೆಚ್ಚು.

ನಂತರ ಕ್ಯಾಪ್ಸ್ ಲಾಕ್ ಒತ್ತಿರಿ. ಅದರ ದೀಪ ಹತ್ತಿ ಆರಿದರೆ ತಿರುಳಿಗೆ ಜೀವ ಇದೆ, ಪರದೆ ಮಾತ್ರ ನಿಂತಿದೆ. ಆಗ ಎಫ್3ರ ಹಿತ್ತಲ ಬಾಗಿಲು ತೆರೆಯಬಹುದು. ದೀಪವೂ ಅಲುಗದಿದ್ದರೆ ಕೀಬೋರ್ಡಿನ ವೈರನ್ನು ಬಿಚ್ಚಿ ಬೇರೆ ಕಿಂಡಿಗೆ ಹಾಕಿ ಇನ್ನೊಮ್ಮೆ ನೋಡಿರಿ.

ಯಾವುದಕ್ಕೂ ಬಗ್ಗದಿದ್ದರೂ ವೈರ್ ಕೀಳಬೇಡಿರಿ. ಅದಕ್ಕಿಂತ ಮೆತ್ತಗಿನ ದಾರಿ ಇದೆ. ಆಲ್ಟ್ ಮತ್ತು ಪ್ರಿಂಟ್ ಸ್ಕ್ರೀನ್ ಎರಡನ್ನೂ ಹಿಡಿದುಕೊಂಡು ಎಸ್, ಯು, ಬಿ ಕೀಲಿಗಳನ್ನು ಒಂದಾದ ಮೇಲೆ ಒಂದು, ನಡುವೆ ಸ್ವಲ್ಪ ತಡೆದು ಒತ್ತಿರಿ. ಎಸ್ ಅಂದರೆ “ಕೈಯಲ್ಲಿದ್ದುದನ್ನು ಡಿಸ್ಕಿಗೆ ಬರೆದುಬಿಡು”, ಯು ಅಂದರೆ “ಇನ್ನು ಬರೆಯಬೇಡ, ಓದಲು ಮಾತ್ರ ಇಡು”, ಬಿ ಅಂದರೆ “ಮತ್ತೆ ಏಳು”. ಊಟಕ್ಕೆ ಕೂತವರನ್ನು ದಬ್ಬಿ ಎಬ್ಬಿಸದೆ, ಕೈ ತೊಳೆಯಲು ಬಿಟ್ಟು ಎಬ್ಬಿಸಿದ ಹಾಗೆ ಇದು.

೮. ಫಾರ್ಮ್ಯಾಟ್ ಎಂಬ ಮಾತು ಬಂದರೆ

ಈಗ ಈ ಪಾಠ ಯಾಕೆ ಬೇಕಾಯಿತು ಎಂದು ಹೇಳುತ್ತೇನೆ. ನಾವು ಆರನೇ ತರಗತಿಯಲ್ಲಿದ್ದಾಗಿನಿಂದ ಊರಿನ ಅಜ್ಜ ಅಜ್ಜಿಯರ ಹತ್ತಿರ ಹೋಗಿ ಬೀಸುವ ಪದ, ಸೋಬಾನ ಪದ, ಒಗಟು, ಗಾದೆ ಬರೆದುಕೊಂಡು ಬಂದು ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತಿದ್ದೆವು. ಪದ ಹೇಳಿದ ಒಬ್ಬ ಅಜ್ಜಿ ಈ ಬೇಸಿಗೆಯಲ್ಲಿ ತೀರಿಕೊಂಡರು. ಅವರು ಹೇಳಿದ ಹನ್ನೊಂದು ಪದಗಳು ಆ ಕಂಪ್ಯೂಟರಿನ ಒಳಗೆ ಬಿಟ್ಟು ಬೇರೆಲ್ಲೂ ಇರಲಿಲ್ಲ. ಬರೆದುಕೊಂಡ ಚೀಟಿಗಳು ಮಳೆಗೆ ತೊಯ್ದು ಹೋಗಿದ್ದವು. ಅಂಥದರಲ್ಲಿ ಕಂಪ್ಯೂಟರ್ ಗಾಣದ ಎತ್ತಿನ ಹಾಗೆ ಬಾಗಿಲಲ್ಲೇ ತಿರುಗತೊಡಗಿತು. ರಿಪೇರಿ ಗೊತ್ತಿದ್ದವರೊಬ್ಬರು ನೋಡಿ, “ಫಾರ್ಮ್ಯಾಟ್ ಹೊಡದ್ರ ಹೊಸಾದು ಆಗ್ತೈತಿ, ಚಿಂತಿ ಮಾಡಬ್ಯಾಡ್ರಿ” ಅಂದರು. ಫಾರ್ಮ್ಯಾಟ್ ಅಂದರೆ ಡಿಸ್ಕನ್ನು ಖಾಲಿ ಪಾಟಿಯ ಹಾಗೆ ಮಾಡುವುದು. ಯಂತ್ರ ಹೊಸದಾಗುತ್ತದೆ, ಅಜ್ಜಿಯ ಪದ ಹೋಗುತ್ತವೆ. ನಮ್ಮ ಸರ್ “ಮೊದಲು ನೋಡೂಣು ತಡೀರಿ” ಅಂದರು. ಹಿತ್ತಲ ಬಾಗಿಲಿನಿಂದ ಹೋಗಿ ಡಿ ಎಫ್ ಕೇಳಿದಾಗ ಶೇಕಡಾ 100 ಎಂದು ಬಂತು. ಮೇಲೆ ಬರೆದ ಹಾಗೆ ಜಾಗ ಮಾಡಿದರು. ಬಾಗಿಲು ತೆರೆಯಿತು. ಹನ್ನೊಂದೂ ಪದ ಇದ್ದವು. ಆ ದಿನವೇ ಅವನ್ನು ಪೆನ್ ಡ್ರೈವಿಗೆ ಒಂದು ಪ್ರತಿ, ಕಾಗದದ ಮೇಲೆ ಒಂದು ಪ್ರತಿ ಮಾಡಿ ಇಟ್ಟೆವು.

ಒಂದು ವೇಳೆ ಬಾಗಿಲು ತೆರೆಯದೇ ಇದ್ದಿದ್ದರೆ? ಆಗಲೂ ಫಾರ್ಮ್ಯಾಟ್ ಮೊದಲ ಕೆಲಸವಲ್ಲ. ಉಬುಂಟುವನ್ನು ಹಾಕಿದ 8 ಜಿಬಿ ಪೆನ್ ಡ್ರೈವಿನಿಂದ ಕಂಪ್ಯೂಟರನ್ನು ಎಬ್ಬಿಸಬಹುದು. ಆಗ ಬರುವ ಪರದೆಯಲ್ಲಿ ಹೊಸದಾಗಿ ಕೂಡಿಸುವ ಆಯ್ಕೆಯನ್ನು ಬಿಟ್ಟು, “ಪ್ರಯತ್ನಿಸಿ ನೋಡಿ” ಎಂಬ ಅರ್ಥದ ಆಯ್ಕೆಯನ್ನು ಒತ್ತಬೇಕು. ಅದು ಒಳಗಿನ ಡಿಸ್ಕನ್ನು ಅಳಿಸದೆ ತಾನೇ ಬೇರೆಯಾಗಿ ನಡೆಯುತ್ತದೆ. ಒಳಗಿನ ಡಿಸ್ಕು ಒಂದು ಪೆಟ್ಟಿಗೆಯ ಹಾಗೆ ಕಾಣುತ್ತದೆ. ಅದನ್ನು ತೆರೆದು ಕಡತಗಳನ್ನು ಇನ್ನೊಂದು ಪೆನ್ ಡ್ರೈವಿಗೆ ನಕಲು ಮಾಡಿಕೊಳ್ಳಬಹುದು. ಡಿಸ್ಕನ್ನು ಗುಪ್ತಲಿಪಿಯಲ್ಲಿ ಇಟ್ಟಿದ್ದರೆ ಮಾತ್ರ ಅದರ ಪಾಸ್‌ವರ್ಡ್ ಬೇಕು. ನಕಲು ಕೈಗೆ ಬಂದ ಮೇಲೆ ಬೇಕಾದರೆ ಫಾರ್ಮ್ಯಾಟ್ ಮಾಡಲಿ. ಮನೆ ಕೆಡವುವ ಮೊದಲು ಸಾಮಾನು ಹೊರಗೆ ಇಡುತ್ತಾರಲ್ಲ, ಹಾಗೆ.

೯. ವಿಂಡೋಸ್ ಇದ್ದವರಿಗೆ

ಗುರುಗಳ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಇರಬಹುದು. ಅಲ್ಲೂ ಮೊದಲು ಕ್ಯಾಪ್ಸ್ ಲಾಕ್ ಮತ್ತು ಕೆಳಗಿನ ಬಲ ಮೂಲೆಯ ಭಾಷೆಯ ಗುರುತು ನೋಡಬೇಕು. ಪಾಸ್‌ವರ್ಡಿನ ಪಕ್ಕದ ಕಣ್ಣಿನ ಚಿತ್ರ ಒತ್ತಿ ಹಿಡಿದರೆ ಬರೆದ ಅಕ್ಷರ ಕಾಣುತ್ತದೆ. ಒಳಗೆ ಹೋಗಲು ಆಗದಿದ್ದರೆ ಶಿಫ್ಟ್ ಕೀಲಿ ಹಿಡಿದು, ಕೆಳಗಿನ ವಿದ್ಯುತ್ ಗುರುತಿನಲ್ಲಿ ರೀಸ್ಟಾರ್ಟ್ ಒತ್ತಬೇಕು. ನೀಲಿ ಪರದೆ ಬರುತ್ತದೆ. ಅದರಿಂದ ಸೇಫ್ ಮೋಡ್ ಎಂಬ ಸ್ಥಿತಿಗೆ ಹೋಗಬಹುದು. ಆಗ ಬೇಕೇ ಬೇಕಾದ ಭಾಗಗಳಷ್ಟೇ ಏಳುತ್ತವೆ. ಅಲ್ಲಿ ಸರಿಯಾಗಿ ನಡೆದರೆ, ಈಚೆಗೆ ಹಾಕಿದ ಯಾವುದೋ ಕಾರ್ಯಕ್ರಮವೇ ತೊಂದರೆ ಕೊಡುತ್ತಿದೆ ಎಂದು ಊಹಿಸಬಹುದು.

ಇನ್ನೊಂದು ಗುರುತು, ಗಡಿಯಾರ. ಇದು ಉಬುಂಟು, ವಿಂಡೋಸ್ ಎರಡಕ್ಕೂ ಸಂಬಂಧಿಸಿದ್ದು. ಕಂಪ್ಯೂಟರಿನ ತಾರೀಖು ವರ್ಷಗಟ್ಟಲೆ ಹಿಂದೆ ಇದ್ದರೆ ಒಳಗಿನ ಗುಂಡು ಸೆಲ್ ಮುಗಿದಿದೆ. ಅದರ ಹೆಸರು ಸಿ.ಆರ್. 2032. ಅಂದರೆ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, 3 ವೋಲ್ಟ್. ತಾರೀಖು ತಪ್ಪಿದ್ದರೆ ಕಂಪ್ಯೂಟರಿನ ಬಾಗಿಲು ತೆರೆದರೂ ಜಾಲತಾಣಗಳ ಬಾಗಿಲು ತೆರೆಯುವುದಿಲ್ಲ. ಗುರುಗಳು ಹಾಜರಾತಿ, ಅಂಕ ತುಂಬುವಾಗ ತಾಣ ತೆರೆಯದಿದ್ದರೆ ಇದನ್ನೂ ನೋಡಬಹುದು.

೧೦. ಕಂಪ್ಯೂಟರಿನ ಪಕ್ಕ ಅಂಟಿಸಲು

1. ಹೆದರಬೇಡ. ಬಾಗಿಲವರೆಗೆ ಬಂದಿದೆ.
2. ಪರದೆಯಲ್ಲಿ ಬಂದದ್ದನ್ನು ಬರೆದುಕೋ.
3. ಕ್ಯಾಪ್ಸ್ ಲಾಕ್, ನಂ ಲಾಕ್, ಭಾಷೆ ನೋಡು.
4. ಬೇರೆ ಖಾತೆಯಿಂದ ಹೋಗಿ ನೋಡು.
5. ಹಿತ್ತಲ ಬಾಗಿಲಿನಿಂದ ಹೋಗಿ ಜಾಗ ಎಷ್ಟಿದೆ ಕೇಳು.
6. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡು. ಮಾಡಿದ್ದನ್ನು ಬರೆದಿಡು.
7. ನಕಲು ಇಲ್ಲದೆ ಫಾರ್ಮ್ಯಾಟ್ ಇಲ್ಲ.

ಆರನೆಯದು ಬಹಳ ಮುಖ್ಯ. ನಾಲ್ಕು ಔಷಧ ಒಮ್ಮೆಲೇ ಕುಡಿದು ವಾಸಿಯಾದರೆ ಯಾವುದರಿಂದ ವಾಸಿಯಾಯಿತು ಎಂದು ಗೊತ್ತಾಗುವುದಿಲ್ಲ. ಮುಂದಿನ ಸಲ ಮತ್ತೆ ನಾಲ್ಕನ್ನೂ ಕುಡಿಯಬೇಕಾಗುತ್ತದೆ.

ಪ್ರಶ್ನೆಗಳು (ಉತ್ತರ ಬರೆದು ಗೋಡೆಪತ್ರಿಕೆಯ ಕೆಳಗಿನ ಡಬ್ಬಿಗೆ ಹಾಕಿರಿ)

1. ಪಾಸ್‌ವರ್ಡ್ ಸರಿ ಇದ್ದರೂ ತಪ್ಪು ಎಂದು ಬರಲು ಮೂರು ಕಾರಣ ಬರೆಯಿರಿ.
2. ಹಳೆಯ ಪಾಸ್‌ವರ್ಡನ್ನು ಗುರುಗಳೂ ಯಾಕೆ ನೋಡಲಾರರು? ಗಾಣದ ಉದಾಹರಣೆಯಿಂದ ವಿವರಿಸಿರಿ.
3. ಡಿಸ್ಕ್ ತುಂಬಿದರೆ ಲಾಗಿನ್ ಯಾಕೆ ಆಗುವುದಿಲ್ಲ?
4. ಸ್ವಂತ ವಿಚಾರ: ನಿಮ್ಮ ಮನೆಯಲ್ಲಿ ಅಥವಾ ಮೊಬೈಲಿನಲ್ಲಿ ಒಂದೇ ಪ್ರತಿ ಇರುವ ಬೆಲೆಯುಳ್ಳ ವಸ್ತು ಯಾವುದು? ಅದರ ಎರಡನೇ ಪ್ರತಿ ಎಲ್ಲಿ ಇಡುತ್ತೀರಿ?

ನಾಲ್ಕನೆಯ ಪ್ರಶ್ನೆಗೆ ಬಂದ ಒಳ್ಳೆಯ ಉತ್ತರಗಳನ್ನು ಮುಂದಿನ ತಿಂಗಳು ಇಲ್ಲಿಯೇ ಬರೆದು ಅಂಟಿಸುತ್ತೇವೆ.

ಇಂತಿ ನಿಮ್ಮ ಗೆಳೆಯ,
7ನೇ ತರಗತಿ, ಬಾಳೆಹೊಸೂರ